ತಾಯಿಯನ್ನು ತೋರಿಸಿ

ನಾಯಿ ಕೊಳ್ಳುವ ಮಾತು ನಮ್ಮ ಮನೆಯಲ್ಲಿ ಮೊದಲು ಎದ್ದಾಗ ಅಪ್ಪ ನಕ್ಕುಬಿಟ್ಟರು. ತುರುವೇಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ನಾಯಿಯನ್ನು ದುಡ್ಡು ಕೊಟ್ಟು ತಂದವರಿಲ್ಲ. ಅದು ತಾನಾಗಿ ಬರುತ್ತದೆ, ಹಿತ್ತಿಲ ಬಾಗಿಲಲ್ಲಿ ಎರಡು ದಿನ ಕೂರುತ್ತದೆ, ಮೂರನೆಯ ದಿನ ಅದಕ್ಕೊಂದು ಹೆಸರು ಬೀಳುತ್ತದೆ. "ಎಷ್ಟಂತೆ?" ಎಂದು ಕೇಳಿದರು. "80 ಸಾವಿರದಿಂದ ಶುರು" ಎಂದೆ. ಅಪ್ಪನ ನಗು ನಿಂತಿತು. "ಆ ದುಡ್ಡಿಗೆ ಕರುವಿನ ಸಮೇತ ಎಚ್‌ಎಫ್ ಹಸು ಬರುತ್ತದಲ್ಲಮ್ಮ!"

ಬೇಡಿಕೆ ಇಟ್ಟವಳು ಒಂಬತ್ತು ವರ್ಷದ ಮಗಳು. ಆದರೆ ಒಳಗೊಳಗೇ ನನಗೂ ಒಂದು ಕಾರಣವಿತ್ತು. ಅಮ್ಮ ತೀರಿಕೊಂಡ ಮೇಲೆ ಅಪ್ಪ ಯಲಹಂಕದ ನಮ್ಮ ಮನೆಗೆ ಬಂದು ಎರಡು ವರ್ಷವಾಗಿತ್ತು. ನಾವು ಮೂವರೂ ಹೊರಟ ಮೇಲೆ ಬೆಳಗ್ಗೆ ಒಂಬತ್ತರಿಂದ ಮೂರೂವರೆಯವರೆಗೆ ಅವರ ಜೊತೆಗಿರುತ್ತಿದ್ದುದು ಟೀವಿ ಮಾತ್ರ. ದನ ಸಾಕಿದ ಕೈ ಸುಮ್ಮನಿರುವುದಿಲ್ಲ. ಕಾಂಪೌಂಡಿನ ಗಿಡಗಳಿಗೆ ದಿನಕ್ಕೆ ಮೂರು ಸಲ ನೀರು ಹಾಕಿ ಎರಡು ದಾಸವಾಳಗಳ ಬೇರು ಕೊಳೆಸಿದ್ದರು. ಸಣ್ಣ ನಾಯಿ ಬೇಡ, ಕಾಲಿಗೆ ತೊಡರಿ ಬೀಳುತ್ತೇನೆ ಎಂಬುದು ಅವರ ಷರತ್ತು. ನನ್ನ ಗಂಡನ ತೊಂದರೆ ಬೇರೆ: ನಾಯಿ ಇರುವ ಮನೆಗೆ ಹೋದರೆ ಹತ್ತು ನಿಮಿಷದಲ್ಲಿ ಸೀನು, ಅರ್ಧ ಗಂಟೆಯಲ್ಲಿ ಕಣ್ಣು ಕೆಂಪು. ದೊಡ್ಡದಿರಬೇಕು, ಸಾಧುವಾಗಿರಬೇಕು, ಕೂದಲು ಉದುರಬಾರದು. ಈ ಮೂರನ್ನೂ ಒಟ್ಟಿಗೆ ಕೇಳುವವರು ಕೊನೆಗೆ ಬಂದು ನಿಲ್ಲುವುದು, ಕೂದಲು ಅಷ್ಟಾಗಿ ಉದುರದ ಪೂಡಲ್ ತಳಿಯ ಬೆರಕೆಯ ಮುಂದೆ. ನಾವೂ ಗೋಲ್ಡನ್‌ಡೂಡಲ್ ಎಂಬ ಹೆಸರಿನ ಮುಂದೆ ಬಂದು ನಿಂತೆವು. ಗೋಲ್ಡನ್ ರಿಟ್ರೀವರ್ ಮತ್ತು ದೊಡ್ಡ ಗಾತ್ರದ ಸ್ಟ್ಯಾಂಡರ್ಡ್ ಪೂಡಲ್ ಕೂಡಿ ಹುಟ್ಟುವ, ಬೆಳೆದರೆ 25ರಿಂದ 35 ಕಿಲೋ ತೂಗುವ, ಗುಂಗುರು ಕೂದಲಿನ ನಾಯಿ.

ಇದು 2024ರ ಫೆಬ್ರುವರಿಯ ಮಾತು. ಮೊಬೈಲಿನಲ್ಲಿ ಒಮ್ಮೆ ಹುಡುಕಿದ್ದೇ ತಡ, ಜಾಹೀರಾತುಗಳು ಬೆನ್ನು ಹತ್ತಿದವು. "ಹೆವಿ ಬೋನ್", "ಚಾಂಪಿಯನ್ ಲೈನ್", "ಇಂಪೋರ್ಟೆಡ್ ತಂದೆ", ಎಲ್ಲ ಚಿತ್ರಗಳಲ್ಲೂ ಅದೇ ಬಿಳಿ ಹೊದಿಕೆ, ಅದೇ ಬೆತ್ತದ ಬುಟ್ಟಿ. ಒಬ್ಬ ಮಾರಾಟಗಾರ ಇನ್ನೂ ಹತ್ತು ಸಾವಿರ ಹೆಚ್ಚು ಕೊಟ್ಟರೆ ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರವನ್ನೂ ಕೊಡುತ್ತೇನೆ ಎಂದ. ನಾನು ಖುಷಿಯಾಗಿ ಗಂಡನಿಗೆ ಹೇಳಿದೆ. ಅವರು ಸ್ವಲ್ಪ ಓದಿಕೊಂಡಿದ್ದರು. ಆ ಕ್ಲಬ್ಬು ಶುದ್ಧ ತಳಿಯ ನಾಯಿಗಳನ್ನಷ್ಟೇ ನೋಂದಾಯಿಸುತ್ತದೆ, ಬೆರಕೆ ನಾಯಿಗೆ ಅಲ್ಲಿ ಜಾಗವೇ ಇಲ್ಲ. ಇಲ್ಲದ ಪತ್ರಕ್ಕೆ ಹತ್ತು ಸಾವಿರ!

ಇನ್ನೊಬ್ಬ, ಮರಿ ಬೇಗ ಖಾಲಿಯಾಗುತ್ತದೆ, ಈಗಲೇ 15 ಸಾವಿರ ಮುಂಗಡ ಫೋನಿನಲ್ಲೇ ಕಳಿಸಿ ಎಂದ. ನಾನು ಕಳಿಸುವವಳಿದ್ದೆ. ಪಕ್ಕದಲ್ಲಿ ಕೂತಿದ್ದ ಅಪ್ಪ ಕೇಳಿದರು: "ಮರಿ ನೋಡಿದೆಯಾ?" ಚಿತ್ರ ನೋಡಿದ್ದೇನೆ ಎಂದೆ. "ಅದರ ತಾಯಿಯನ್ನು?" ಇಲ್ಲ. "ನೋಡದೆ ಕೊಟ್ಟರೆ ಅದು ವ್ಯಾಪಾರದ ಸಂಚಕಾರವಲ್ಲ, ನಿನ್ನ ದುಡ್ಡಿಗೆ ಬಂದ ಸಂಚಕಾರ." ತಾಯಿ ನಾಯಿಯ ವಿಡಿಯೊ ಬೇಕು ಎಂದು ಆತನಿಗೆ ಬರೆದೆ. ಆಮೇಲೆ ಆ ಸಂಖ್ಯೆಯಿಂದ ಉತ್ತರ ಬರಲಿಲ್ಲ.

ಅಪ್ಪ ಈ ವಿಷಯಕ್ಕೆ ಇಳಿದದ್ದು ಅಲ್ಲಿಂದ. ನಾಯಿಯ ಬಗ್ಗೆ ಅವರಿಗೆ ಗೊತ್ತಿದ್ದುದು ಅಷ್ಟಕ್ಕಷ್ಟೇ, ಆದರೆ ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ ಜಾತ್ರೆಗಳಲ್ಲಿ ನಲವತ್ತು ವರ್ಷ ಹಳ್ಳಿಕಾರ್ ಹೋರಿ ಕೊಂಡು ಮಾರಿದವರು. ದಲ್ಲಾಳಿಯ ಮುಖ ನೋಡಿದರೆ ಅವನು ಏನನ್ನು ಮುಚ್ಚಿಡುತ್ತಿದ್ದಾನೆ ಎಂದು ಹೇಳುತ್ತಿದ್ದರು.

ಮೊದಲು ನೋಡಿದ ಮರಿಗೆ ಮನೆಯೇ ಇರಲಿಲ್ಲ. ಮಾರುವವನು ನಮ್ಮನ್ನು ವರ್ತುಲ ರಸ್ತೆಯ ಪೆಟ್ರೋಲ್ ಬಂಕಿನ ಹತ್ತಿರ ಬರಹೇಳಿದ. ಕಾರಿನ ಹಿಂದಿನ ಸೀಟಿನ ಮೇಲಿದ್ದ ರಟ್ಟಿನ ಪೆಟ್ಟಿಗೆಯಿಂದ ಬಾದಾಮಿ ಬಣ್ಣದ ಮರಿಯೊಂದನ್ನು ಎತ್ತಿ ಮಗಳ ಮಡಿಲಲ್ಲಿಟ್ಟ. ಅವನಿಗೆ ಕಸುಬು ಗೊತ್ತು. ಮಗುವಿನ ಮಡಿಲು ಸೇರಿದ ಮರಿ ಹಿಂದಕ್ಕೆ ಹೋಗುವುದು ಕಡಿಮೆ. "60 ದಿನದ ಮರಿ ಸಾರ್, ಲಸಿಕೆ ಆಗಿದೆ." ಅಪ್ಪ ಮರಿಯನ್ನು ಕೈಗೆ ತೆಗೆದುಕೊಂಡು, ಹೋರಿಯ ಬಾಯಿ ಬಿಡಿಸುವ ಹಾಗೆಯೇ, ಹೆಬ್ಬೆರಳಿನಿಂದ ತುಟಿ ಸರಿಸಿದರು. ಮುಂದೆ ಅಕ್ಕಿಕಾಳಿನಂಥ ಹಲ್ಲುಗಳು ಆಗ ತಾನೇ ಮೂಡುತ್ತಿದ್ದವು. ಹಿಂದಕ್ಕೆ ಬೆರಳಾಡಿಸಿದರೆ ಬರೀ ಒಸಡು. "ಹಲ್ಲೇ ಪೂರ್ತಿ ಬಂದಿಲ್ಲವಲ್ಲಪ್ಪ" ಎಂದರು. ನಾಯಿಯ ಹಲ್ಲಿನ ಲೆಕ್ಕ ಅವರಿಗೆ ಗೊತ್ತಿರಲಿಲ್ಲ, ಅನುಮಾನ ಮಾತ್ರ ಬಂದಿತ್ತು. ಎಂಟು ವಾರದ ಹೊತ್ತಿಗೆ ಮರಿಗೆ 28 ಹಾಲುಹಲ್ಲುಗಳೂ ಬಂದಿರಬೇಕು ಎಂದು ಆಮೇಲೆ ವೈದ್ಯರಿಂದ ತಿಳಿಯಿತು. ಆ ಮರಿ ಐದು ವಾರದ್ದಿರಬೇಕು. ತಾಯಿಯ ಹಾಲು ಬಿಡುವ ಮೊದಲೇ ಕಿತ್ತು ತಂದದ್ದು. ಲಸಿಕೆಯ ಪುಸ್ತಕದಲ್ಲಿ ಸೀಸೆಯಿಂದ ಕಿತ್ತ ಚೀಟಿ ಅಂಟಿಸಿತ್ತು. ಅದರ ಮುಂದೆ ದಿನಾಂಕವಾಗಲಿ, ವೈದ್ಯರ ಸಹಿ, ಮೊಹರಾಗಲಿ ಇರಲಿಲ್ಲ.

ಮಗಳು ಮನೆಯವರೆಗೂ ಅತ್ತಳು. ನನಗೂ ಅಳು ಬಂದಿತ್ತು, ಬೇರೆ ಕಾರಣಕ್ಕೆ. ಆ ಮರಿ ಮತ್ತೆ ಪೆಟ್ಟಿಗೆಗೆ ಹೋಯಿತು. ನಾವು ಕೊಳ್ಳದಿದ್ದರೆ ಅದಕ್ಕೆ ಒಳ್ಳೆಯದಾಗುವುದಿಲ್ಲ. ಕೊಂಡರೆ ಅದರ ತಾಯಿಗೆ ಒಳ್ಳೆಯದಾಗುವುದಿಲ್ಲ. ಈ ಗಂಟನ್ನು ನಾನು ಇನ್ನೂ ಬಿಡಿಸಿಕೊಂಡಿಲ್ಲ.

ಈ ನಡುವೆ ಮಾರ್ಚ್ 12ರಂದು ಕೇಂದ್ರ ಸರ್ಕಾರದ ಸುತ್ತೋಲೆಯೊಂದು ಬಂತು. 23 ಬಗೆಯ ಉಗ್ರ ತಳಿಗಳು ಮತ್ತು ಅವುಗಳ ಬೆರಕೆಗಳ ಮಾರಾಟ, ಸಾಕಣೆ ನಿಲ್ಲಿಸಿ ಎಂದು ರಾಜ್ಯಗಳಿಗೆ ಬರೆದ ಪತ್ರ ಅದು. ಪಿಟ್‌ಬುಲ್, ರಾಟ್‌ವೈಲರ್ ಇದ್ದ ಆ ಪಟ್ಟಿಯಲ್ಲಿ ಪೂಡಲ್ ಆಗಲಿ ಗೋಲ್ಡನ್ ಆಗಲಿ ಇರಲಿಲ್ಲ. ಆದರೆ ಎದುರು ಮನೆಯವರು ಓದಿದ್ದು "ಬೆರಕೆ" ಎಂಬ ಒಂದೇ ಪದವನ್ನು. "ನೀವು ತರುವುದು ಕಾನೂನಿಗೆ ವಿರುದ್ಧವಂತಲ್ಲ?" ಎಂದು ಗೇಟಿನ ಹತ್ತಿರ ನಿಲ್ಲಿಸಿ ಕೇಳಿದರು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದುಗೊಳಿಸಿತು. ಎದುರು ಮನೆಯವರು ಅದನ್ನು ಓದಿದಂತೆ ಕಾಣಲಿಲ್ಲ.

ಎರಡನೆಯದು ಊರಾಚೆಯ ಒಂದು ಫಾರ್ಮ್. ಮುಂದುಗಡೆ ಹುಲ್ಲುಹಾಸು, ಬಣ್ಣದ ಕುರ್ಚಿಗಳು, ತೊಳೆದು ಬಾಚಿದ ಮೂರು ಮರಿಗಳು. "ತಾಯಿಯನ್ನು ತೋರಿಸಿ" ಎಂದರು ಅಪ್ಪ. ಮಾಲೀಕ, ಸೋಂಕು ತಗಲುತ್ತದೆ, ಒಳಗೆ ಯಾರನ್ನೂ ಬಿಡುವುದಿಲ್ಲ ಎಂದ. ಆ ಮಾತು ಪೂರ್ತಿ ಸುಳ್ಳಲ್ಲ. ಪಾರ್ವೋ ವೈರಾಣು ಚಪ್ಪಲಿಯಲ್ಲಿ ಕೂಡ ಬರುತ್ತದೆ, ಎಚ್ಚರದ ಬ್ರೀಡರ್‌ಗಳು ಬಂದವರ ಕಾಲು ತೊಳೆಸಿಯೇ ಒಳಗೆ ಬಿಡುತ್ತಾರೆ. ಆದರೆ ಇಲ್ಲಿ ಮಗಳು ಆ ಮರಿಗಳನ್ನು ಮುದ್ದಾಡುತ್ತಿರುವಾಗ ಯಾರೂ ಕೈ ತೊಳೆದುಕೋ ಎಂದಿರಲಿಲ್ಲ. ಅಪ್ಪ ಮೂತ್ರಕ್ಕೆ ಹೋಗುವ ನೆಪದಲ್ಲಿ ಶೆಡ್ಡಿನ ಹಿಂದಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದರು.

ಅಲ್ಲಿಯ ವಾಸನೆಗೆ ಕಣ್ಣು ಉರಿಯಿತು. ತಂತಿಯ ಗೂಡುಗಳು, ಒಂದರ ಮೇಲೊಂದು. ಕೆಳಗಿನ ಗೂಡಿನಲ್ಲಿ ಒಂದು ಗೋಲ್ಡನ್ ಹೆಣ್ಣು ಮಲಗಿತ್ತು. ಬೆನ್ನು ಇಳಿದು, ಕೆಚ್ಚಲು ಜೋತು, ಪಕ್ಕೆಲುಬು ಎಣಿಸಬಹುದಿತ್ತು. ನಮ್ಮನ್ನು ಕಂಡು ಬಾಲ ಮಾತ್ರ ಅಲ್ಲಾಡಿಸಿತು. ಗೂಡು ತೊಳೆಯುತ್ತಿದ್ದ ಹುಡುಗನನ್ನು ಇದು ಎಷ್ಟನೆಯ ಸೂಲು ಎಂದು ಅಪ್ಪ ಕೇಳಿದರು. "ಏಳಾಗಿದೆ ತಾತ" ಎಂದ ಅವನು, ಅಡಗಿಸಬೇಕಾದ ವಿಷಯ ಎಂಬುದೇ ತಿಳಿಯದೆ. ನೀರಿನ ಬೋಗುಣಿಯಲ್ಲಿ ಪಾಚಿ ಕಟ್ಟಿತ್ತು. ಅಪ್ಪ ಅದನ್ನು ಎತ್ತಿಕೊಂಡು, ಉಜ್ಜಿ, ಹೊಸ ನೀರು ತುಂಬಿ ಒಳಗಿಟ್ಟರು. ಆಮೇಲೆ ಮಾಲೀಕನ ಕಡೆ ತಿರುಗಿಯೂ ನೋಡದೆ ಕಾರಿನಲ್ಲಿ ಹೋಗಿ ಕೂತರು.

ನಾಯಿ ಸಾಕಿ ಮಾರುವವರಿಗೆ 2017ರಿಂದ ಕೇಂದ್ರದ ನಿಯಮಗಳಿವೆ ಎಂಬುದು ನನಗೆ ಗೊತ್ತಾದದ್ದು ಆ ರಾತ್ರಿ. ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. 18 ತಿಂಗಳು ತುಂಬದ ಹೆಣ್ಣನ್ನು ಗಂಡಿಗೆ ಬಿಡುವಂತಿಲ್ಲ. ವರ್ಷಕ್ಕೆ ಒಂದೇ ಸೂಲು, ಜನ್ಮಕ್ಕೆ ಐದು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನಾವು ಅಲ್ಲಿಯವರೆಗೆ ಕಂಡ ಇಬ್ಬರೂ ಇದರಲ್ಲಿ ಒಂದಲ್ಲ ಒಂದನ್ನು ಮುರಿದವರು. ಕೇಳಬೇಕಾದ ಮೊದಲ ಪ್ರಶ್ನೆ ಬೆಲೆ ಎಷ್ಟು ಎಂಬುದಲ್ಲ, ನಿಮ್ಮ ನೋಂದಣಿ ಸಂಖ್ಯೆ ಏನು ಎಂಬುದು. ಅಂದಿನಿಂದ ನಾನು ಫೋನ್ ಎತ್ತಿದ ಕೂಡಲೇ ಅದನ್ನೇ ಕೇಳತೊಡಗಿದೆ. ಹನ್ನೊಂದು ಜನರಲ್ಲಿ ಒಂಬತ್ತು ಮಂದಿ ಮಾತು ಬದಲಿಸಿದರು.

ನಮ್ಮ ಬಡಾವಣೆಯ ಪಶುವೈದ್ಯರ ಬಳಿ ಹೋದೆವು. ಅವರು ಮೊದಲು ತಣ್ಣೀರೆರಚಿದರು. ಬೆರಕೆ ನಾಯಿಗೆ ಕಾಯಿಲೆ ಕಡಿಮೆ ಎಂಬುದು ಅರ್ಧ ಮಾತು ಎಂದರು. ಗೋಲ್ಡನ್‌ಗೂ ಸ್ಟ್ಯಾಂಡರ್ಡ್ ಪೂಡಲ್‌ಗೂ ಸೊಂಟದ ಕೀಲು ಸಡಿಲವಾಗುವ ದೋಷ ಇದೆ. ದೋಷ ಇರುವ ಇಬ್ಬರನ್ನು ಕೂಡಿಸಿದರೆ ಮರಿಗೆ ಎಲ್ಲಿಂದ ಒಳ್ಳೆಯ ಸೊಂಟ ಬರಬೇಕು? ಇನ್ನು ಅಲರ್ಜಿ. ಅದು ಕೂದಲಿನಿಂದ ಬರುವುದಲ್ಲ, ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುವ ಪ್ರೋಟೀನಿನಿಂದ. ಈ ಡೂಡಲ್ ಹುಚ್ಚಿಗೆ ಮೂಲವಾದ ಲ್ಯಾಬ್ರಡೂಡಲ್ ಕಥೆಯನ್ನು ಅವರೇ ಹೇಳಿದರು. ಹವಾಯಿಯ ದೃಷ್ಟಿಹೀನ ಮಹಿಳೆಯೊಬ್ಬರಿಗೆ ದಾರಿ ತೋರುವ ನಾಯಿ ಬೇಕಿತ್ತು, ಗಂಡನಿಗೆ ಅಲರ್ಜಿ. ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ 1989ರ ಹೊತ್ತಿಗೆ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿದರು. ಹುಟ್ಟಿದ ಮೂರು ಮರಿಗಳ ಕೂದಲು, ಜೊಲ್ಲನ್ನು ಹವಾಯಿಗೆ ಕಳಿಸಿ ಪರೀಕ್ಷಿಸಿದರೆ ಒಂದು ಮಾತ್ರ ಆ ಗಂಡನಿಗೆ ಒಗ್ಗಿತು. ಒಂದೇ ಬಸಿರಿನ ಮೂರರಲ್ಲಿ ಒಂದು. ಜನ ಲಾಭಕ್ಕಾಗಿ ಕಂಡಕಂಡ ನಾಯಿಗಳನ್ನು ಕೂಡಿಸತೊಡಗಿದ್ದನ್ನು ನೋಡಿ, ಕಾನ್ರನ್ ತಾನು ಮಾಡಿದ್ದಕ್ಕೆ ಮುಂದೆ ಪಶ್ಚಾತ್ತಾಪಪಟ್ಟರಂತೆ.

"ಆಸ್ಪತ್ರೆಗೆ ದಾರಿತಪ್ಪಿದ ನಾಯಿಗಳು ಬರುತ್ತಲೇ ಇರುತ್ತವೆ, ಒಂದನ್ನು ದತ್ತು ತೆಗೆದುಕೊಳ್ಳಿ" ಎಂದೂ ಹೇಳಿದರು. ನಾವು ಆಶ್ರಯಧಾಮಗಳಿಗೆ ಎರಡು ಸಲ ಹೋದದ್ದು ನಿಜ. ಅಲ್ಲಿದ್ದ ದೊಡ್ಡ ನಾಯಿಗಳ ನಡುವೆ ಗಂಡ ಹದಿನೈದು ನಿಮಿಷ ಉಳಿಯಲಾಗಲಿಲ್ಲ. ದತ್ತು ತೆಗೆದುಕೊಳ್ಳಬಲ್ಲವರು ಅದನ್ನೇ ಮಾಡಲಿ. ನಾವು ಮಾಡಲಿಲ್ಲ, ಇದಕ್ಕೆ ಸಮಜಾಯಿಷಿ ಹುಡುಕುವುದಿಲ್ಲ.

ಕೊನೆಗೆ ವೈದ್ಯರೇ ಮೈಸೂರಿನ ಹೊರವಲಯದ ಒಬ್ಬ ಮಹಿಳೆಯ ಸಂಖ್ಯೆ ಕೊಟ್ಟರು. "ಅವರು ಕೊಡುತ್ತಾರೋ ಇಲ್ಲವೋ ಹೇಳಲಾರೆ" ಎಂದರು. ದುಡ್ಡು ಕೊಟ್ಟರೂ ಕೊಡದಿರುವವರು ಇದ್ದಾರೆಯೇ ಎಂದುಕೊಂಡೆ. ಇದ್ದರು.

ಫೋನಿನಲ್ಲಿ ನಲವತ್ತು ನಿಮಿಷ ಅವರೇ ಕೇಳಿದರು, ನಾನು ಉತ್ತರಿಸಿದೆ. ಹಗಲು ಮನೆಯಲ್ಲಿ ಯಾರಿರುತ್ತಾರೆ? ನೆಲ ಗ್ರಾನೈಟೇ? ಮೆಟ್ಟಿಲು ಎಷ್ಟು? ಹಬ್ಬಕ್ಕೆ ಊರಿಗೆ ಹೋದರೆ ನಾಯಿಯ ಗತಿ ಏನು? ದೀಪಾವಳಿಗೆ ಬೀದಿಯಲ್ಲಿ ಪಟಾಕಿ ಹೇಗೆ? ದಿನಾ ಇಪ್ಪತ್ತು ನಿಮಿಷ ಬಾಚುವವರು ಯಾರು? ಉದುರದ ಕೂದಲು ಎಂದರೆ ಕೆಲಸವಿಲ್ಲದ ಕೂದಲಲ್ಲ, ಉದುರಬೇಕಾದದ್ದು ಅಲ್ಲೇ ನಿಂತು ಗಂಟು ಕಟ್ಟುತ್ತದೆ, ಆರೇಳು ವಾರಕ್ಕೊಮ್ಮೆ ಕತ್ತರಿಸಲೇಬೇಕು, ಆ ಖರ್ಚು ಲೆಕ್ಕ ಹಾಕಿದ್ದೀರಾ? ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ ಇಷ್ಟು ಕೇಳಿರಲಿಲ್ಲ. ಕೊನೆಯ ಪ್ರಶ್ನೆ: "ಈ ಹಿಂದೆ ನೀವು ಸಾಕಿದ ನಾಯಿ ಹೇಗೆ ಸತ್ತಿತು?"

ಊರಿನ ಕರಿಯ ನೆನಪಾದ. ಹಾಲಿನ ಲಾರಿಗೆ ಸಿಕ್ಕಿ ಸತ್ತವನು. ಕಟ್ಟಿಹಾಕುವ ಪದ್ಧತಿ ನಮ್ಮಲ್ಲಿರಲಿಲ್ಲ ಎಂದೆ. ಅತ್ತ ಕಡೆ ಬರೆದುಕೊಳ್ಳುವ ಸದ್ದು. "ಭಾನುವಾರ ಬನ್ನಿ. ಎಲ್ಲರೂ ಬರಬೇಕು, ನಿಮ್ಮ ತಂದೆಯವರು ಖಂಡಿತ."

ಹೋದ ಕೂಡಲೇ ಕಾಲಿಗೆ ನೀರು, ಕೈಗೆ ಸೋಪು. ಗೋಡೆಯ ಮೇಲೆ ನೋಂದಣಿ ಪತ್ರ ಕಣ್ಣಿಗೆ ಬೀಳುವಂತೆ ತೂಗುಹಾಕಿತ್ತು. ಅಪ್ಪ ಬಾಯಿ ತೆರೆಯುವ ಮೊದಲೇ ತಾಯಿ ನಾಯಿ ಬಂದು ಅವರ ಪಂಚೆ ಮೂಸಿತು. ನಾಲ್ಕು ವರ್ಷದ ಗೋಲ್ಡನ್, ಒಂದೇ ಸೂಲು ಕಂಡದ್ದು. "ಸ್ವಲ್ಪ ಆ ಕಡೆ ನಡೆಸಿ ತಾಯಿ" ಎಂದರು ಅಪ್ಪ. ಅಪ್ಪ ನೋಡುತ್ತಿದ್ದುದು ಹಿಂದಿನಿಂದ, ಹಿಂಗಾಲು ಬೀಳುವ ರೀತಿಯನ್ನು. ಆಕೆ ನಕ್ಕು, ಒಳಗಿನಿಂದ ಎರಡು ವರ್ಷ ತುಂಬಿದ ಮೇಲೆ ತೆಗೆಸಿದ ಸೊಂಟದ ಎಕ್ಸ್‌ರೇ ತಂದರು. ಅಪ್ಪ ಅದನ್ನು ತಲೆಕೆಳಗಾಗಿ ಬಿಸಿಲಿಗೆ ಹಿಡಿದರು. ಆಕೆ ತಿರುಗಿಸಿ ಕೊಟ್ಟು, ತೊಡೆಮೂಳೆಯ ಗುಂಡು ಗುಳಿಯಲ್ಲಿ ಎಷ್ಟು ಆಳಕ್ಕೆ ಕೂತಿದೆ ಎಂದು ತೋರಿಸಿದರು. "ಗಾಡಿಯ ಗುಂಬದಲ್ಲಿ ಅಚ್ಚು ಕೂತ ಹಾಗೆ" ಎಂದರು ಅಪ್ಪ. ಆಮೇಲೆ ಅವರಿಬ್ಬರ ನಡುವೆ ನಮಗೆ ಕೆಲಸವಿರಲಿಲ್ಲ.

ಮೊದಲ ತಲೆಮಾರಿನ ಮರಿಗಳಲ್ಲಿ ಅರ್ಧ ಪೂಡಲ್, ಮತ್ತೆ ಪೂಡಲ್‌ಗೇ ಕೂಡಿಸಿದರೆ ಮುಕ್ಕಾಲು ಎಂದು ಆಕೆ ವಿವರಿಸಲು ಹೊರಟರೆ ಅಪ್ಪ ಅರ್ಧಕ್ಕೇ ತಡೆದರು. ಹಾಲಿನ ಡೇರಿಯ ಕಾಲದಿಂದ ಎಚ್‌ಎಫ್ ಎಂಬ ವಿದೇಶಿ ಹಸುವಿನ ತಳಿಯ 50 ಪರ್ಸೆಂಟ್, 75 ಪರ್ಸೆಂಟ್ ರಕ್ತದ ಲೆಕ್ಕದಲ್ಲೇ ಬದುಕಿದವರು. "ರಕ್ತ ಹೆಚ್ಚಿದಷ್ಟೂ ಹಾಲು ಹೆಚ್ಚು, ಬಿಸಿಲು ತಡೆಯುವುದು ಕಡಿಮೆ. ಇಲ್ಲಿ ಹಾಲಿನ ಜಾಗದಲ್ಲಿ ಗುಂಗುರು ಕೂದಲು, ಅಷ್ಟೇ ಅಲ್ಲವೇ?" ಆಕೆ ನೋಟ್‌ಬುಕ್ ಮುಚ್ಚಿಟ್ಟು, "ನಿಮ್ಮಂಥವರು ಬರುವುದಿಲ್ಲ ಯಜಮಾನರೇ" ಎಂದರು. ಗಂಡು ಪೂಡಲ್‌ನ ರಕ್ತಪರೀಕ್ಷೆಯ ವರದಿಯನ್ನೂ ತೋರಿಸಿದರು. ಕಣ್ಣಿನ ಪರದೆ ಸವೆದು ಕುರುಡು ಬರುವ ಒಂದು ಕಾಯಿಲೆ ಈ ಎರಡೂ ತಳಿಗಳಲ್ಲಿದೆ. ತಂದೆ, ತಾಯಿ ಇಬ್ಬರೂ ಆ ದೋಷವನ್ನು ಕೊಟ್ಟರೆ ಮಾತ್ರ ಮರಿಗೆ ಬರುತ್ತದೆ. ಒಂದು ಕಡೆಯಾದರೂ ಶುದ್ಧವಿರಬೇಕು. ಇಲ್ಲಿ ಎರಡೂ ಕಡೆ ಶುದ್ಧವಿತ್ತು.

ಅಲರ್ಜಿಗೆ ಆಕೆ ಯಾವ ಭರವಸೆಯನ್ನೂ ಕೊಡಲಿಲ್ಲ. ಹಿಂದಿನ ಸೂಲಿನ ಒಂದು ಹೆಣ್ಣುಮರಿಯನ್ನು ತಾವೇ ಇಟ್ಟುಕೊಂಡಿದ್ದರು. ಅದರ ಜೊತೆ ಗಂಡನನ್ನು ಕೋಣೆಯಲ್ಲಿ ಎರಡು ಗಂಟೆ ಕೂರಿಸಿದರು. ಎರಡು ವಾರ ಬಿಟ್ಟು ಇನ್ನೊಮ್ಮೆ. ಮೊದಲ ಸಲ ಎರಡು ಸೀನು, ಎರಡನೆಯ ಸಲ ಒಂದು. "ಮುಂದಿನ ಮರಿಗಳು ಹೀಗೆಯೇ ಇರುತ್ತವೆ ಎಂದು ನಾನು ಬರೆದುಕೊಡುವುದಿಲ್ಲ" ಎಂದರು. ಬರೆದುಕೊಡುತ್ತೇನೆ ಎಂದಿದ್ದವರನ್ನು ಅಷ್ಟು ಹೊತ್ತಿಗೆ ಬೇಕಾದಷ್ಟು ಕಂಡಿದ್ದ ನನಗೆ ಈ ಮಾತಿನಿಂದಲೇ ನಂಬಿಕೆ ಬಂತು.

ಬೆಲೆ 75 ಸಾವಿರ. ಅಪ್ಪ ಹೆಗಲ ಟವೆಲ್ ತೆಗೆದು ತಮ್ಮ ಕೈಮೇಲೆ ಹಾಸಿ ಮುಂದಕ್ಕೆ ಚಾಚಿದರು. ಜಾತ್ರೆಯಲ್ಲಿ ಬೆಲೆ ಕುದುರುವುದು ಹಾಗೆಯೇ: ಟವೆಲ್ ಕೆಳಗೆ ಬೆರಳು ಹಿಡಿದು, ಸುತ್ತಲಿನವರಿಗೆ ಕಾಣದಂತೆ. ಆಕೆ ಏನೆಂದುಕೊಂಡರೋ, ಅದರ ಮೇಲೆ ಕಾಫಿ ಲೋಟ ಇಟ್ಟರು. ನಾವು ನಕ್ಕು ಮುಗಿಸಿದ ಮೇಲೂ ಬೆಲೆ ಒಂದು ರೂಪಾಯಿ ಇಳಿಯಲಿಲ್ಲ.

ಮುಂಗಡವನ್ನೂ ಆಗ ತೆಗೆದುಕೊಳ್ಳಲಿಲ್ಲ. ಜುಲೈ ಕೊನೆಗೆ ನಾಯಿ ಬೆದೆಗೆ ಬಂತು, ಆಗಸ್ಟ್ ಕೊನೆಯ ವಾರ ಸ್ಕ್ಯಾನಿಂಗ್‌ನಲ್ಲಿ ಗಬ್ಬ ನಿಂತದ್ದು ಖಚಿತವಾಯಿತು, ಆಮೇಲೆ 5 ಸಾವಿರಕ್ಕೆ ರಸೀದಿ ಬಂತು. ಜೊತೆಗೆ ಒಂದು ಕರಾರು ಪತ್ರ. ಎಂದಾದರೂ ಸಾಕಲಾಗದಿದ್ದರೆ ನಾಯಿಯನ್ನು ಬೇರೆಯವರಿಗೆ ಕೊಡುವಂತಿಲ್ಲ, ಅವರಿಗೇ ಮರಳಿಸಬೇಕು. "ಹೆಣ್ಣು ಕೊಟ್ಟವರೂ ಹೀಗೆ ಬರೆಸಿಕೊಳ್ಳಬೇಕಿತ್ತು" ಎಂದು ಅಪ್ಪ ನನ್ನ ಗಂಡನ ಕಡೆ ನೋಡಿದರು.

ಅಕ್ಟೋಬರ್ ಆರಂಭದಲ್ಲಿ ಏಳು ಮರಿಗಳು ಹುಟ್ಟಿದವು. ಗುರುತಿಗೆಂದು ಏಳಕ್ಕೂ ಏಳು ಬಣ್ಣದ ಪಟ್ಟಿ ಕಟ್ಟಿ ವಾರಕ್ಕೊಮ್ಮೆ ವಿಡಿಯೊ ಕಳಿಸುತ್ತಿದ್ದರು. ಕುಕ್ಕರ್ ಸೀಟಿ, ಮಿಕ್ಸರ್ ಸದ್ದು, ಸಣ್ಣ ದನಿಯಲ್ಲಿ ಪಟಾಕಿಯ ಧ್ವನಿಮುದ್ರಣ ಕೇಳಿಸಿ ಮರಿಗಳನ್ನು ಪಳಗಿಸುತ್ತಿದ್ದರು. ಮಗಳು ಎಲ್ಲಕ್ಕಿಂತ ಚುರುಕಾದ ಕೆಂಪು ಪಟ್ಟಿಯ ಮರಿಯನ್ನು ಮೆಚ್ಚಿಕೊಂಡಿದ್ದಳು. ಮರಿಯನ್ನು ಆರಿಸುವುದು ನಾವಲ್ಲ ಎಂದು ಆಮೇಲೆ ತಿಳಿಯಿತು. "ನಿಮ್ಮಲ್ಲಿ ಹಿರಿಯರಿದ್ದಾರೆ. ಹಾರಾಡುವವನು ಬೇಡ, ಹಸಿರು ಪಟ್ಟಿಯವನು ಸರಿ" ಎಂದರು. ಮಗಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಡಿಸೆಂಬರಿನಲ್ಲಿ, ಒಂಬತ್ತು ವಾರ ತುಂಬಿದ ಮೇಲೆ, ತರಲು ಹೋದೆವು. ಹೊರಡುವ ಮುನ್ನ ಅಪ್ಪ ಅಂಗಡಿ ಬೀದಿಗೆ ಹೋಗಿ ಒಂದು ಹೊಸ ಹತ್ತಿ ಹಗ್ಗ ತಂದಿದ್ದರು. ಕೊರಳಪಟ್ಟಿ ಆಗಲೇ ಕೊಂಡಿದ್ದೇವೆ ಎಂದರೆ ಕೇಳಲಿಲ್ಲ. ಮೈಸೂರಿನಲ್ಲಿ ಆಕೆ 15 ಅಂಕಿಯ ಮೈಕ್ರೋಚಿಪ್ ಚೀಟಿ, ಸಹಿ ಮೊಹರಿದ್ದ ಲಸಿಕೆ ಪುಸ್ತಕ, ಎರಡು ವಾರದ ಊಟದ ಪಟ್ಟಿ ಕೊಟ್ಟರು. ತಾಯಿ ಮಲಗುತ್ತಿದ್ದ ಹಳೆಯ ಬೆಡ್‌ಶೀಟಿನ ಒಂದು ತುಂಡನ್ನೂ, ಮರಿ ರಾತ್ರಿ ಅಳದಿರಲಿ ಎಂದು. ಕೊನೆಗೆ ಮರಿಯ ಕೊರಳಿನ ಹಸಿರು ಪಟ್ಟಿಯನ್ನು ಬಿಚ್ಚಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದರು. ಅಲ್ಲಿ ಆಗಲೇ ನಾಲ್ಕು ಬಣ್ಣದ ಪಟ್ಟಿಗಳಿದ್ದವು.

ಅಪ್ಪ ಅದನ್ನೇ ಕಾಯುತ್ತಿದ್ದರಂತೆ. ನಮ್ಮೂರಿನ ಕಡೆ ದನ ಮಾರಿದವರು ಅದರ ಹಗ್ಗವನ್ನು ಕೊಡುವುದಿಲ್ಲ, ಬಿಚ್ಚಿ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಕೊಂಡವರು ಹೊಸ ಹಗ್ಗ ತರಬೇಕು. "ಇವರಿಗೆ ಯಾರೂ ಹೇಳಿಕೊಟ್ಟಿಲ್ಲ ನೋಡು" ಎಂದು ನನ್ನ ಕಿವಿಯಲ್ಲಿ ಹೇಳಿ, ಜೇಬಿನಿಂದ ಹತ್ತಿ ಹಗ್ಗ ತೆಗೆದು ಮರಿಯ ಕೊರಳಿಗೆ ಸಡಿಲವಾಗಿ ಒಂದು ಸುತ್ತು ಹಾಕಿದರು.